ಅಶ್ವಗಂಧ ತಗೊಂಡ್ರೆ ನಿಜವಾಗ್ಲೂ ಇಮ್ಯೂನಿಟಿ ಜಾಸ್ತಿ ಆಗುತ್ತಾ?

ಅಪ್ಪಂಗೆ ಪದೇಪದೇ ನೆಗಡಿ, ಅಶ್ವಗಂಧ ಪುಡಿ ಶುರು ಮಾಡಿಸ್ಲಾ, ಥೈರಾಯ್ಡ್ ಕಮ್ಮಿ ಇರೋದಕ್ಕೆ ಮಾತ್ರೆನೂ ನಡೀತಿದೆ ಅಂತ ಬರ್ದಿದೀರಲ್ಲ, ನಂಗೆ ಮೊದ್ಲು ಕಣ್ಣಿಗೆ ಬಿದ್ದಿದ್ದು ಆ ಮಾತ್ರೆನೇ, ಅದಕ್ಕೆ ಆಮೇಲೆ ಬರ್ತೀನಿ.

ನಾನು ಡಾಕ್ಟರ್ ಅಲ್ಲ, ಫಾರ್ಮಸಿ ಓದಿದೋನು. ನಮ್ಮಜ್ಜಿ ಇದನ್ನ ಹಿರೇಮದ್ದು ಅಂತಿದ್ರು, ಹಾಲಲ್ಲಿ ಕುದಿಸಿ ಬೆಲ್ಲ ಹಾಕಿ ಬಾಣಂತನ ಮುಗಿಸಿದೋರಿಗೆ ಕೊಡೋರು. ಹಸಿ ಬೇರು ಮುರಿದ್ರೆ ಕುದುರೆ ಮೈ ವಾಸನೆ, ಹೆಸರು ಬಂದಿದ್ದೇ ಅದರಿಂದ. ಒಳಗಿರೋ ಮುಖ್ಯ ಸರಕು ವಿಥನೊಲೈಡ್‌ಗಳು, ರಚನೆ ಸ್ಟಿರಾಯ್ಡ್ ಥರ (ಜಿಮ್ಮಿನವರ ಸ್ಟಿರಾಯ್ಡ್ ಅಲ್ಲ ಮತ್ತೆ!). ಸೈಕ್ಲೋಫಾಸ್ಫಮೈಡ್ (ಕ್ಯಾನ್ಸರ್‌ಗೆ ಕೊಡೋ ಔಷಧಿ) ಕೊಟ್ಟು ಬಿಳಿ ರಕ್ತಕಣ ಇಳಿಸಿದ ಇಲಿಗಳಿಗೆ ಬೇರಿನ ಸಾರ ಕೊಟ್ಟಾಗ ಕಣಗಳು ಮತ್ತೆ ಏರಿದ್ವು. ಆದ್ರೆ ಅದೇ ಗಿಡದ ವಿಥಾಫೆರಿನ್ ಎ (ಅದೂ ಒಂದು ವಿಥನೊಲೈಡೇ) ಲ್ಯಾಬಲ್ಲಿ ಎನ್‌ಎಫ್ ಕಪ್ಪಾ ಬಿ ಅನ್ನೋ, ಉರಿಯೂತ ಶುರು ಮಾಡಿಸೋ ಪ್ರೋಟೀನನ್ನ ಅದುಮಿಡುತ್ತೆ, ಅಂದ್ರೆ ಒಂದನ್ನ ಎತ್ತುತ್ತೆ ಇನ್ನೊಂದನ್ನ ತುಳಿಯುತ್ತೆ, ಡಬ್ಬಿ ಮೇಲೆ ಬರಿಯೋ 'ಬೂಸ್ಟರ್' ಅನ್ನೋ ಮಾತು ಅದಕ್ಕೇ ನಂಗೆ ಆಗ್ಬರಲ್ಲ.

ಮನುಷ್ಯರ ಮೇಲೆ 2021ರಲ್ಲಿ ಒಂದು ಸ್ಟಡಿ ಬಂತು, ಆರೋಗ್ಯವಾಗಿರೋ 24 ಜನ, ದಿನಕ್ಕೆ 60 ಮಿಲಿಗ್ರಾಂ ಸಾರ, 30 ದಿನ. ಇಮ್ಯುನೋಗ್ಲೋಬ್ಯುಲಿನ್ನು (ರೋಗಾಣುಗಳ ವಿರುದ್ಧದ ಆಂಟಿಬಾಡಿ), ಎನ್‌ಕೆ ಸೆಲ್ಲು (ಸೋಂಕು ತಗುಲಿದ ಕಣ ಕೊಲ್ಲೋ ಬಿಳಿ ರಕ್ತಕಣ) ಏರಿದ್ವು. ಒಳ್ಳೇದೇ, ಆದ್ರೆ 24 ಜನ ಅಂದ್ರೆ ಒಂದು ಮಿನಿಬಸ್ಸು ತುಂಬೋಷ್ಟು, ಅದೂ ಅಲ್ದೆ ರಿಪೋರ್ಟಲ್ಲಿ ನಂಬರ್ ಏರೋದೇ ಬೇರೆ, ಮನೇಲಿ ಸೀನೋದು ಕಮ್ಮಿ ಆಗೋದೇ ಬೇರೆ.

ಈಗ ಥೈರಾಯ್ಡ್ ವಿಷಯ. 2018ರಲ್ಲಿ, ಸ್ವಲ್ಪವೇ ಥೈರಾಯ್ಡ್ ಕಮ್ಮಿ ಇದ್ದ 50 ಜನರ ಸ್ಟಡಿಲಿ ದಿನಕ್ಕೆ 600 ಮಿಲಿಗ್ರಾಂ ಬೇರಿನ ಸಾರ 8 ವಾರ ತಗೊಂಡೋರಿಗೆ ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡು ಅಂತ ಹೇಳೋ ಹಾರ್ಮೋನು, ಥೈರಾಯ್ಡ್ ಜಾಸ್ತಿ ಆದ್ರೆ ಇದು ಇಳಿಯುತ್ತೆ) ಇಳಿದು, ಥೈರಾಯ್ಡ್ ಹಾರ್ಮೋನುಗಳಾದ ಟಿ3, ಟಿ4 ಏರಿತ್ತು. ಮಾತ್ರೆ ಒಂದ್ಕಡೆ, ಬೇರು ಇನ್ನೊಂದ್ಕಡೆ, ಎರಡೂ ಒಂದೇ ದಿಕ್ಕಿಗೆ ಎಳುದ್ರೆ ಓವರ್ ಡೋಸ್ ಥರ ಆಗಬಹುದು. ನಮ್ಮ ಚಿಕ್ಕಮ್ಮ ಯಾರಿಗೂ ಹೇಳ್ದೆ ಪುಡಿ ಶುರು ಮಾಡಿ, ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ, ಟೆಸ್ಟ್ ಮಾಡಿಸಿದ್ರೆ ಟಿಎಸ್‌ಎಚ್ ತಳ ಕಂಡಿತ್ತು. ಪುಡಿಯಿಂದಲೇ ಅಂತ ಪ್ರೂವ್ ಮಾಡಕ್ಕೆ ಆಗಲ್ಲ, ಬಿಟ್ಮೇಲೆ ಸರಿ ಹೋಯ್ತು ಅಷ್ಟೇ.

ರುಮಟಾಯ್ಡ್, ಲೂಪಸ್ ಥರ ಮೈಯೇ ಮೈಗೆ ತಿರುಗಿಬೀಳೋ ಕಾಯಿಲೆ ಇದ್ರೆ, ಕಿಡ್ನಿ ಕಸಿ ಆಗಿದ್ರೆ ಇದರ ಸುದ್ದಿಗೇ ಹೋಗ್ಬೇಡಿ. ಲಿವರ್‌ಗೆ ಪೆಟ್ಟು ಬಿದ್ದ ಕೇಸ್‌ಗಳೂ ವರದಿ ಆಗಿವೆ, ಅಪರೂಪ, ಆದ್ರೂ ಕಣ್ಣು ಹಳದಿ ಆದ್ರೆ ಅವತ್ತೇ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ.

ಅಂದಹಾಗೆ ಅಪ್ಪನ ಕೊನೇ ಟಿಎಸ್‌ಎಚ್ ರಿಪೋರ್ಟ್ ಯಾವಾಗಿಂದು? ಅದನ್ನ ಹಿಡ್ಕೊಂಡು ಅವರ ಡಾಕ್ಟರನ್ನ ಒಂದ್ಸಲ ಕೇಳಿ, ಪುಡಿ ಡಬ್ಬಿನೂ ಜತೆಗೆ ತಗೊಂಡ್ಹೋಗಿ.