ಬಿ. ಜಯಶ್ರೀ ಅವರಿಗೆ ಮನೆತನ ಕೊಟ್ಟಿದ್ದೇನು?

ಗುಬ್ಬಿ ವೀರಣ್ಣನವರ ಮೊಮ್ಮಗಳು ಅನ್ನೋ ಕಾರಣಕ್ಕೇ ಬಿ. ಜಯಶ್ರೀ ಅಷ್ಟು ದೊಡ್ಡ ನಟಿ ಆದರಾ ಅಂತ ಕೇಳಿದ್ದೀರಿ. ಮನೆತನದ ಪಾಲು ಖಂಡಿತ ಇದೆ. ಆದರೆ ಆ ಮನೆತನ ಅವರಿಗೆ ಕೊಟ್ಟಿದ್ದು ಅವಕಾಶಕ್ಕಿಂತ ಜಾಸ್ತಿ ಕಸುಬು.

ವೀರಣ್ಣನವರು ನಡೆಸಿದ ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳೇ ರಂಗದ ಮೇಲೆ ಬರುತ್ತಿದ್ದವು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲರೂ ಅಲ್ಲಿ ಪಳಗಿದವರು. ಗಂಡಸರೇ ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದ ದಿನಗಳಲ್ಲಿ ಹೆಂಗಸರಿಗೆ ರಂಗದಲ್ಲಿ ಜಾಗ ಕೊಟ್ಟ ಕಂಪನಿ ಅದು. ಜಯಶ್ರೀ ಅವರ ತಾಯಿ ಜಿ.ವಿ. ಮಾಲತಮ್ಮ ವೀರಣ್ಣನವರ ಮಗಳು. ಅವರೂ ಕಲಾವಿದೆ. 1950ರಲ್ಲಿ ಹುಟ್ಟಿದ ಜಯಶ್ರೀ ಪುಟ್ಟ ಹುಡುಗಿಯಾಗಿದ್ದಾಗಲೇ ಬಣ್ಣ ಹಚ್ಚಿದರು. ಆದರೆ ಅವರು ಬೆಳೆದು ನಿಲ್ಲುವ ಹೊತ್ತಿಗೆ ಕಂಪನಿ ನಾಟಕಗಳ ಒಳ್ಳೆಯ ಕಾಲ ಮುಗಿಯುತ್ತಾ ಬಂದಿತ್ತು. ಜನ ಸಿನಿಮಾ ಕಡೆ ಹೊರಳಿದ್ದರು. ತಾತನ ಹೆಸರು ಹೇಳಿಕೊಂಡು ಸುಮ್ನೆ ಕೂತಿದ್ದರೆ ಏನೂ ಆಗುತ್ತಿರಲಿಲ್ಲ.

ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. ಇಬ್ರಾಹಿಂ ಅಲ್ಕಾಜಿ ಅವರು ಶಾಲೆಯ ನಿರ್ದೇಶಕರಾಗಿದ್ದ ಕಾಲ ಅದು. ಅಲ್ಲಿನ ಶಿಸ್ತಿಗೂ ಕಂಪನಿ ನಾಟಕದ ಅಬ್ಬರಕ್ಕೂ ಆಗಿಬರೋದು ಕಷ್ಟ. ಅಲ್ಲಿಂದ 1973ರಲ್ಲಿ ಓದು ಮುಗಿಸಿ ಬಂದವರು ಕಂಪನಿಯ ಹಾಡು, ಕುಣಿತ, ತುಂಬು ದನಿಯನ್ನು ಹಳೆಯದು ಅಂತ ಬದಿಗೆ ಸರಿಸಬಹುದಿತ್ತು, ಅಲ್ವಾ? ಅವರು ಹಾಗೆ ಮಾಡಲಿಲ್ಲ. 1976ರಲ್ಲಿ ಸ್ಪಂದನ ತಂಡ ಕಟ್ಟಿ, ಅದೇ ಹಾಡು ಕುಣಿತವನ್ನು ಹೊಸ ನಾಟಕಗಳ ಒಳಗೆ ತಂದರು. ನನ್ನ ಪ್ರಕಾರ ಅವರ ನಿಜವಾದ ಸಾಧನೆ ಇದೇ. ಒಬ್ಬ ಹೆಣ್ಣುಮಗಳು ತಾನೇ ತಂಡ ಕಟ್ಟಿ, ನಿರ್ದೇಶಿಸಿ, ಹಾಡಿ, ಅಭಿನಯಿಸಿ, ಅದನ್ನು ದಶಕಗಳ ಕಾಲ ನಡೆಸೋದು ಸಣ್ಣ ಮಾತಲ್ಲ.

ಅವರ ದನಿಯ ಬಗ್ಗೆ ಹೇಳಲೇಬೇಕು. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನಲ್ಲಿ ಕೂತವನಿಗೂ ಮಾತಿನ ಪ್ರತಿ ಅಕ್ಷರ ಮುಟ್ಟಬೇಕಿತ್ತು. ಕಂಪನಿ ಕಲಾವಿದರು ಅದಕ್ಕಾಗಿಯೇ ಗಂಟಲು ಪಳಗಿಸುತ್ತಿದ್ದರು. ಜಯಶ್ರೀ ಅವರ ದನಿಯಲ್ಲಿ ಆ ಕಸುವು ಇದೆ. ಚಂದ್ರಶೇಖರ ಕಂಬಾರರ ಕಾದಂಬರಿಯನ್ನು ಆಧರಿಸಿದ ‘ಕರಿಮಾಯಿ’ ನಾಟಕದಲ್ಲಿ ಅವರು ಹಾಡೋದನ್ನು ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು. ಇಂಪು ಮಾತ್ರ ಹುಡುಕುವವರಿಗೆ ಅದು ಒರಟು ಅನ್ನಿಸಬಹುದು. ಊರ ದೇವಿಯ ಕಥೆಗೆ ಆ ಒರಟುತನವೇ ಬೇಕು. ಇದೇ ದನಿ ಸಿನಿಮಾದಲ್ಲಿ ಬೇರೆ ರೂಪ ತಾಳಿತು. ಮಾಧವಿ, ಜಯಪ್ರದಾ ಅವರಂಥ ನಾಯಕಿಯರಿಗೆ ಕನ್ನಡದಲ್ಲಿ ಕಂಠದಾನ ಮಾಡಿದವರು ಇವರೇ. ಜಯಶ್ರೀ ಅವರ ಮುಖದ ಗುರುತಿಲ್ಲದ ಎಷ್ಟೋ ಜನ ದನಿಯನ್ನು ಮಾತ್ರ ಕೇಳಿರುತ್ತಾರೆ.

ಪ್ರಶಸ್ತಿಗಳೂ ಬಂದವು. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ, 2013ರಲ್ಲಿ ಪದ್ಮಶ್ರೀ. ತಾತನಿಗೂ 1972ರಲ್ಲಿ ಪದ್ಮಶ್ರೀ ಸಿಕ್ಕಿತ್ತು. ಜಯಶ್ರೀ ಮೈಸೂರಿನ ರಂಗಸಂಸ್ಥೆ ರಂಗಾಯಣದ ನಿರ್ದೇಶಕಿಯಾದರು, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು.

ಅವರನ್ನು ಹೊಸದಾಗಿ ನೋಡಬೇಕು ಅಂತಿದ್ದರೆ 1997ರ ‘ನಾಗಮಂಡಲ’ ಸಿನಿಮಾದಿಂದ ಶುರು ಮಾಡಿ. ಕುರುಡವ್ವನ ಪಾತ್ರ ಅವರದು. ಆದರೆ ಸಿನಿಮಾಕ್ಕೇ ನಿಲ್ಲಬೇಡಿ. ಅವಕಾಶ ಸಿಕ್ಕಾಗ ರಂಗದ ಮೇಲೆ ನೋಡಿ, ಆದಷ್ಟು ಮುಂದಿನ ಸಾಲಿನಲ್ಲಿ ಕೂತು.