ಪಾರೋದಲ್ಲಿ ಕೊನೆಯ ದಿನ

ಭೂತಾನ್ ಬಿಡಲು ಮನಸ್ಸೇ ಬರುತ್ತಿಲ್ಲ, ಉಳಿದಿರುವ ಒಂದು ದಿನ ಕಡಿದಾದ ಬಂಡೆಯ ಮೇಲಿನ ತಕ್ತ್ಸಾಂಗ್ ಬೌದ್ಧ ಮಠಕ್ಕೆ ಹತ್ತಲೇ, ಪಾರೋದಲ್ಲೇ ಅಡ್ಡಾಡಲೇ ಎಂದು ಕೇಳಿದ್ದೀರಿ. ಅಡ್ಡಾಡಿ. ತಕ್ತ್ಸಾಂಗ್ ಸುಮಾರು 3,120 ಮೀಟರ್ ಎತ್ತರದಲ್ಲಿದೆ. ಹತ್ತಿ ಇಳಿಯುವುದರಲ್ಲೇ ಹಗಲು ಕಳೆದು, ಸುಸ್ತಾಗಿ ಮಲಗಿ, ಬೆಳಗ್ಗೆ ವಿಮಾನ ಹಿಡಿಯುತ್ತೀರಿ. ಇಷ್ಟು ಪ್ರೀತಿಸಿದ ನಾಡನ್ನು ಹಾಗೆ ಅವಸರದಲ್ಲಿ ಬಿಡಬಾರದು. ಬೆಳಗ್ಗೆಯೇ ಕ್ಯಿಚು ಲಾಖಾಂಗ್‌ಗೆ ಹೋಗಿ. ಏಳನೆಯ ಶತಮಾನದ್ದೆಂದು ನಂಬಲಾದ ಆ ಪುಟ್ಟ ಗುಡಿಯಲ್ಲಿ ಅಜ್ಜಿಯರು ಪ್ರಾರ್ಥನಾ ಚಕ್ರ ತಿರುಗಿಸುತ್ತ ಪ್ರದಕ್ಷಿಣೆ ಹಾಕುತ್ತಿರುತ್ತಾರೆ. ನೀವೂ ಅವರ ಹಿಂದೆಯೇ ನಿಧಾನವಾಗಿ ನಡೆಯಿರಿ, ಎಷ್ಟು ಸುತ್ತು ಬೇಕಾದರೂ. ಸಂಜೆಗೆ ರಿನ್‌ಪುಂಗ್ ಜೋಂಗ್ ಎಂಬ ಕೋಟೆ-ಮಠದ ಕೆಳಗಿನ ಮರದ ಸೇತುವೆಗೆ ಹೋಗಿ. ಉಳಿದ ನ್ಗುಲ್ಟ್ರಮ್ (ಭೂತಾನಿನ ಹಣ) ನೋಟುಗಳನ್ನು ಪಾರೋದಲ್ಲೇ ಖರ್ಚು ಮಾಡಿ. ದೆಹಲಿಯ ವಿಮಾನವಾದರೆ ಬಲಗಡೆಯ ಕಿಟಕಿ ಕೇಳಿ. ಮೋಡವಿಲ್ಲದಿದ್ದರೆ ಎವರೆಸ್ಟ್ ಕೂಡ ಕಾಣುತ್ತದೆ.