ಅರ್ಧ ಬೀರುವಿನಲ್ಲಿ ಇಡೀ ಮನೆ ಹಿಡಿಸೋದಿಲ್ಲ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಆದರೆ ಬೇರೆ ಓದುಗರಿಗೆ ವಿಷಯ ಗೊತ್ತಾಗಬೇಕಲ್ಲ, ಅದಕ್ಕೆ ನಿಮ್ಮ ಪತ್ರದಲ್ಲಿ ಏನಿತ್ತು ಅಂತ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ನಿಮ್ಮ ಮಗಳಿಗೆ ಕಾಲೇಜು ಸೀಟು ಸಿಕ್ಕಿದೆ. ಇನ್ನು ಹನ್ನೆರಡು ದಿನಕ್ಕೆ ಹಾಸ್ಟೆಲ್ ಸೇರಬೇಕು. ಒಂದು ರೂಮಿಗೆ ಇಬ್ಬರು, ಇಬ್ಬರಿಗೂ ಸೇರಿ ಒಂದು ಬೀರು. ನೀವು ಒಂದು ತಿಂಗಳಿಂದ ಕೂತು 94 ಸಾಮಾನಿನ ಪಟ್ಟಿ ಮಾಡಿದ್ದೀರಿ. ಅದನ್ನು ನೋಡಿ ಮಗಳು ‘ಅಮ್ಮ, ನಾನು ಹೋಗ್ತಿರೋದು ಹಾಸ್ಟೆಲ್ಲಿಗಾ, ವನವಾಸಕ್ಕಾ?’ ಅಂದಳಂತೆ. ಅಲ್ಲಿಂದ ಮನೆಯಲ್ಲಿ ಮಾತು ಕಡಿಮೆ. ಪಟ್ಟಿಯ ಜೆರಾಕ್ಸ್ ಕಳಿಸಿ ಎರಡು ಪ್ರಶ್ನೆ ಕೇಳಿದ್ದೀರಿ. ಇದರಲ್ಲಿ ಯಾವುದನ್ನು ಬಿಡಲಿ? ಹೋದ ದಿನ ರೂಮನ್ನು ನಾನೇ ಜೋಡಿಸಿಕೊಟ್ಟು ಬರಲಾ, ಬೇಡವಾ?

ಎರಡನೇ ಪ್ರಶ್ನೆಗೆ ಮೊದಲು ಬರುತ್ತೇನೆ. ಅದಕ್ಕೆ ಉತ್ತರ ನನ್ನ ಮನೆಯಲ್ಲೇ ಇದೆ, ಅದೂ ನಾನು ಮಾಡಿದ ತಪ್ಪಿನ ರೂಪದಲ್ಲಿ.

ನನ್ನ ಮಗನನ್ನು ಹಾಸ್ಟೆಲ್ಲಿಗೆ ಬಿಡಲು ಹೋದಾಗ ಅವನು ಕಾರಿಡಾರಿನಲ್ಲಿ ಹೊಸ ಹುಡುಗರ ಜೊತೆ ಮಾತಿಗೆ ನಿಂತ. ನಾನು ಒಳಗೆ ಬಟ್ಟೆ ಮಡಚಿದೆ, ಖಾನೆಗಳಿಗೆ ಪೇಪರ್ ಹಾಸಿದೆ, ಸಣ್ಣಪುಟ್ಟ ಸಾಮಾನನ್ನು ಡಬ್ಬಿಗಳಿಗೆ ಹಾಕಿ ಸಾಲಾಗಿ ಇಟ್ಟೆ. ಬೀರು ಅಂದರೆ ಅಂಗಡಿ ಶೋಕೇಸ್ ಥರ ಇತ್ತು. ಎರಡು ವಾರ ಆಗಿತ್ತು, ರಾತ್ರಿ ಹತ್ತು ಗಂಟೆಗೆ ಫೋನ್ ಬಂತು. ‘ಅಪ್ಪ, ನನ್ನ ಕತ್ತರಿ ಎಲ್ಲಿದೆ?’ ನಾನು ಯೋಚನೆಯನ್ನೂ ಮಾಡದೆ ‘ಎರಡನೇ ಖಾನೆ, ಎಡಗಡೆ, ನೀಲಿ ಡಬ್ಬಿ’ ಅಂದೆ. ಸಿಕ್ಕಿತು. ಎಷ್ಟು ಚೆನ್ನಾಗಿ ಜೋಡಿಸಿದ್ದೇನೆ ನೋಡು ಅಂತ ಹೆಂಡತಿ ಕಡೆ ಬೀಗುತ್ತಾ ತಿರುಗಿದೆ. ಅವಳು ‘ಅವನ ಬೀರು ನಿಮಗೆ ಗೊತ್ತು, ಅವನಿಗೇ ಗೊತ್ತಿಲ್ಲ’ ಅಂದಳು. ನಾನು ಫೋನ್ ಚಾರ್ಜಿಗೆ ಹಾಕಿ ಸುಮ್ನೆ ಮಲಗಿದೆ.

ಹುಡುಕಬೇಕಾದವರೇ ಇಡಬೇಕು. ನನ್ನ ಉತ್ತರ ಇಷ್ಟೇ. ಪ್ಯಾಕಿಂಗಿಗೂ ಇದೇ ಮಾತು. ಬ್ಯಾಗ್ ತುಂಬುವ ಕೈ ಮಗಳದ್ದಾಗಿರಲಿ, ನೀವು ಪಕ್ಕದಲ್ಲಿ ಪಟ್ಟಿ ಹಿಡಿದು ಕೂತಿರಿ. ಅವಳು ವಕ್ರವಕ್ರವಾಗಿ ಮಡಚುತ್ತಾಳೆ, ಶೂ ಪಕ್ಕದಲ್ಲೇ ಟವೆಲ್ ತುರುಕುತ್ತಾಳೆ. ನೋಡಿಕೊಂಡು ಕೂರುವುದು ಕಷ್ಟ ಅಂತ ಗೊತ್ತು. ಒಂದು ಲೋಟ ನೀರು ಕುಡಿದು ಬನ್ನಿ.

ಇನ್ನು ಆ 94ರ ಪಟ್ಟಿ. ಪೂರ್ತಿ ಎರಡು ಸಲ ಓದಿದೆ. ಅದರಲ್ಲಿ ಮುಕ್ಕಾಲು ಪಾಲು ಸಾಮಾನಿನ ಪಕ್ಕ ಹೇಳದೇ ಇರುವ ಒಂದು ಪದ ಇದೆ: ‘ಅಕಸ್ಮಾತ್’. ಅಕಸ್ಮಾತ್ ಚಳಿ ಜಾಸ್ತಿಯಾದರೆ, ಅಕಸ್ಮಾತ್ ಕರೆಂಟ್ ಹೋದರೆ, ಅಕಸ್ಮಾತ್ ಗುಂಡಿ ಕಿತ್ತುಹೋದರೆ. ಈ ಅಕಸ್ಮಾತ್‌ಗಳೆಲ್ಲ ನಿಜವೇ. ಆದರೆ ಎಲ್ಲವೂ ಮೊದಲ ದಿನವೇ ಆಗೋದಿಲ್ಲ, ಅಲ್ವಾ? ಹಾಗಾಗಿ ಪಟ್ಟಿಯಿಂದ ಹೊಡೆದುಹಾಕುವುದಕ್ಕಿಂತ ಮೂರು ಪಾಲು ಮಾಡಿ. ಮೊದಲ ರಾತ್ರಿಗೆ ಬೇಕಾದ್ದು. ಮೊದಲ ತಿಂಗಳಿಗೆ ಬೇಕಾದ್ದು. ಮೊದಲ ರಜೆಗೆ ಬಂದಾಗ ತಗೊಂಡು ಹೋಗಬಹುದಾದ್ದು. ಮೂರನೇ ಪಾಲು ಮನೆಯಲ್ಲೇ ಒಂದು ಮೂಲೆಯಲ್ಲಿ ಕಾಯಲಿ. ಬರೋ ಋತುವಿನ ದಪ್ಪ ಬಟ್ಟೆ, ಎರಡನೇ ಜೊತೆ ಬೂಟು, ಮೂರನೇ ಬೆಡ್‌ಶೀಟು ಎಲ್ಲ ಅಲ್ಲಿಗೆ. ಅವಳು ರಜೆಗೆ ಬರುವಷ್ಟರಲ್ಲಿ ಅದರಲ್ಲಿ ಅರ್ಧ ಬೇಡ ಅನ್ನುತ್ತಾಳೆ. ನಮ್ಮ ಮನೆಯಲ್ಲಿ ಹಾಗೇ ಆಯಿತು.

ಮೊದಲ ರಾತ್ರಿಯ ಬ್ಯಾಗ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಎಲ್ಲವನ್ನೂ ತಂದಿರುತ್ತಾರೆ, ಆದರೆ ರಾತ್ರಿ ಒಂಬತ್ತಕ್ಕೆ ದಿಂಬಿನ ಕವರ್ ಯಾವ ಬ್ಯಾಗಿನ ತಳದಲ್ಲಿದೆಯೋ ಗೊತ್ತಿರೋದಿಲ್ಲ. ಒಂದು ಸಣ್ಣ ಬ್ಯಾಗ್ ಬೇರೆಯೇ ಮಾಡಿ. ಒಂದು ಬೆಡ್‌ಶೀಟು, ಹೊದಿಕೆ, ದಿಂಬಿನ ಕವರ್, ರಾತ್ರಿ ಹಾಕುವ ಬಟ್ಟೆ, ಮರುದಿನದ ಒಂದು ಜೊತೆ, ಟವೆಲ್, ಸೋಪು, ಬ್ರಷ್ಷು, ಚಪ್ಪಲಿ, ಚಾರ್ಜರ್, ನೀರಿನ ಬಾಟ್ಲಿ, ದಿನಾ ತಗೊಳ್ಳುವ ಮಾತ್ರೆ ಇದ್ದರೆ ಅದು, ಬೀಗ. ಬೀಗ ಮರೆಯಬೇಡಿ. ಮಿಕ್ಕ ಬ್ಯಾಗ್‌ಗಳು ಮೂರು ದಿನ ತೆರೆಯದೆ ಬಿದ್ದಿದ್ದರೂ ಈ ಒಂದು ಬ್ಯಾಗಿನಲ್ಲಿ ದಿನ ಸಾಗಬೇಕು. ಗಾಡಿಗೆ ಸಾಮಾನು ಹೇರುವಾಗ ಇದು ಕೊನೆಗೆ ಹೋಗಬೇಕು, ಇಳಿಸುವಾಗ ಮೊದಲು ಬರಬೇಕು.

ಬೀಗಕ್ಕೆ ಎರಡು ಕೀ ಬರುತ್ತಲ್ಲ, ಎರಡನ್ನೂ ಒಂದೇ ಗೊಂಚಲಿಗೆ ಹಾಕುವವರನ್ನು ನಾನು ನೋಡಿದ್ದೇನೆ. ಅದು ಎರಡು ಕೀ ಅಲ್ಲ, ಒಂದೇ.

ಬಟ್ಟೆ ಎಷ್ಟು ಅಂತ ಕೇಳಿದ್ದೀರಿ. ನೀವು 22 ಜೊತೆ ಬರೆದಿದ್ದೀರಿ. ಲೆಕ್ಕ ಬೀರುವಿನಿಂದ ಶುರುವಾಗೋದಲ್ಲ, ಒಗೆಯುವ ದಿನದಿಂದ ಶುರುವಾಗಬೇಕು. ವಾರಕ್ಕೊಮ್ಮೆ ಒಗೆಯುತ್ತಾಳೆ ಅಂದರೆ ಏಳು ಜೊತೆ, ಮಳೆಗೆ ಒಣಗದಿದ್ದರೆ ಅಂತ ಇನ್ನು ಮೂರು. ಹತ್ತು ಸಾಕು. ಒಳಉಡುಪು ಮತ್ತು ಸಾಕ್ಸ್ ಮಾತ್ರ ಧಾರಾಳವಾಗಿ ಇರಲಿ. ಅದಕ್ಕಿಂತ ಮುಖ್ಯ, ಈ ಹನ್ನೆರಡು ದಿನ ಅವಳ ಬಟ್ಟೆಯನ್ನು ಅವಳೇ ಒಗೆಯಲಿ. ಹೊಸ ಕಡುಬಣ್ಣದ ಬಟ್ಟೆ ಬಣ್ಣ ಬಿಡುತ್ತದೆ, ಮೊದಲೆರಡು ಸಲ ಬೇರೆ ನೆನೆಸಬೇಕು ಅನ್ನೋದನ್ನು ಬಿಳಿ ಶರ್ಟ್ ಹಾಳು ಮಾಡಿಕೊಂಡು ಕಲಿಯುವುದಾದರೆ ಮನೆಯಲ್ಲೇ ಕಲಿಯಲಿ. ಒದ್ದೆ ಟವೆಲ್ಲನ್ನು ಮಂಚದ ಕಾಲಿಗೆ ನೇತುಹಾಕಿದರೆ ಎರಡೇ ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ, ಅದನ್ನೂ.

ಕೊಳ್ಳುವ ಮೊದಲು ಅಳತೆ ಕೇಳಿ. ಹಾಸಿಗೆಗಳೆಲ್ಲ ಒಂದೇ ಅಳತೆ ಇರೋದಿಲ್ಲ. ಸಿಂಗಲ್ ಹಾಸಿಗೆಯಲ್ಲೇ 75 ಇಂಚು ಉದ್ದದ್ದೂ ಇದೆ, 80 ಇಂಚಿನದ್ದೂ ಇದೆ. ಎಲಾಸ್ಟಿಕ್ ಇರುವ ಬೆಡ್‌ಶೀಟು ಐದು ಇಂಚು ಕಮ್ಮಿಯಾದರೆ ರಾತ್ರಿಯೆಲ್ಲ ಒಂದು ಮೂಲೆ ಕಿತ್ತು ಬರುತ್ತಲೇ ಇರುತ್ತದೆ. ಮಂಚದ ಅಡಿ ಎಷ್ಟು ಎತ್ತರ ಇದೆ ಅನ್ನೋದೂ ಮುಖ್ಯ, ಯಾಕಂದರೆ ಆ ರೂಮಿನಲ್ಲಿ ಅವಳಿಗೆ ಸಿಗುವ ದೊಡ್ಡ ಗೋಡೌನ್ ಅದೇ. ನಿಮ್ಮ ಪಟ್ಟಿಯಲ್ಲಿ ದೊಡ್ಡ ಗಟ್ಟಿ ಸೂಟ್‌ಕೇಸ್ ಎರಡು ಇವೆ. ಖಾಲಿಯಾದ ಮೇಲೆ ಅವನ್ನು ಎಲ್ಲಿಡುತ್ತಾಳೆ? ಒಂದು ಇರಲಿ, ಇನ್ನೊಂದರ ಬದಲು ಮಡಚಿ ಒಳಗಿಡಬಹುದಾದ ಬಟ್ಟೆಯ ಬ್ಯಾಗ್ ಕೊಡಿ. ಗಾಳಿ ಎಳೆದು ಚಪ್ಪಟೆ ಮಾಡುವ ಪ್ಲಾಸ್ಟಿಕ್ ಚೀಲ ಬರೆದಿದ್ದೀರಿ. ಅದು ಜಾಗ ಉಳಿಸುತ್ತದೆ, ತೂಕ ಉಳಿಸೋದಿಲ್ಲ. ಪಂಪ್ ಇಲ್ಲದಿದ್ದರೆ ವಾಪಸ್ ಬರುವಾಗ ಅದೇ ಬಟ್ಟೆ ಅದೇ ಬ್ಯಾಗಿನಲ್ಲಿ ಹಿಡಿಸೋದೂ ಇಲ್ಲ.

ತೂಕ ಅಂದಾಗ ನೆನಪಾಯಿತು. ಪುಸ್ತಕಗಳನ್ನೆಲ್ಲ ದೊಡ್ಡ ಸೂಟ್‌ಕೇಸಿಗೆ ಅಂತ ಬರೆದಿದ್ದೀರಿ. ಬೇಡ. 500 ಹಾಳೆಯ ಮಾಮೂಲಿ ಎ4 ಕಟ್ಟು ಒಂದನ್ನು ಕೈಯಲ್ಲಿ ಎತ್ತಿ ನೋಡಿ. ಎರಡೂವರೆ ಕಿಲೋ ಬರುತ್ತದೆ. ಪುಸ್ತಕವೂ ಕಾಗದವೇ ತಾನೆ. ಅವನ್ನು ಸಣ್ಣ ಬ್ಯಾಗಿಗೆ ಹಾಕಿ, ಹಗುರವಾದ ಬಟ್ಟೆ ದೊಡ್ಡದಕ್ಕೆ ಹೋಗಲಿ. ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿ ಈ ಮಾತಿನ ಬೆಲೆ ತಿಳಿಯುತ್ತದೆ. ವಿಮಾನದಲ್ಲಿ ಹೋಗುವುದಾದರೆ ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, ಲಗೇಜಿಗೆ ಹಾಕುವಂತಿಲ್ಲ. ಅದರಲ್ಲಿ ಹಿಡಿಸುವ ವಿದ್ಯುತ್ತಿನ ಅಳತೆ 100 ವ್ಯಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ. ಮೈಮೇಲೆ 20,000 ಎಂಎಎಚ್ ಅಂತ ಬರೆದಿರುವುದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ.

ಹಾಸ್ಟೆಲ್ಲಿನವರು ಕೊಟ್ಟ ನಿಯಮದ ಹಾಳೆಯನ್ನು ಓದಿದಿರಾ? ಪಟ್ಟಿ ನೋಡಿದರೆ ಅನುಮಾನ ಬರುತ್ತದೆ. ಕೆಟಲ್, ಇಸ್ತ್ರಿಪೆಟ್ಟಿಗೆ, ರೂಮ್ ಹೀಟರ್ ಮೂರೂ ಇವೆ. ಬಿಸಿ ಮಾಡುವ ಸಾಮಾನನ್ನು ರೂಮಿನಲ್ಲಿ ಇಟ್ಟುಕೊಳ್ಳಲು ಅನೇಕ ಕಡೆ ಬಿಡುವುದಿಲ್ಲ. ಅದು ವಾರ್ಡನ್ನರ ಕಿರಿಕಿರಿ ಅಂದುಕೊಳ್ಳಬೇಡಿ. ಒಂದು ಕೆಟಲ್ 1500 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ, ಫೋನ್ ಚಾರ್ಜರ್ ಒಂದು 20 ವ್ಯಾಟ್. ಅಂದರೆ ಒಂದು ಕೆಟಲ್ ಹಾಕಿದರೆ 75 ಚಾರ್ಜರ್ ಒಟ್ಟಿಗೆ ಹಾಕಿದ ಹಾಗೆ. ಇಡೀ ಮಹಡಿಯವರು ಹೀಗೆ ಹಾಕಿದರೆ ವೈರು ಬಿಸಿಯಾಗದೆ ಏನಾಗುತ್ತದೆ? ಎಕ್ಸ್‌ಟೆನ್ಷನ್ ಬಾಕ್ಸ್ ಒಂದು ಒಳ್ಳೆಯದೇ ಕೊಡಿ. ಒಂದರ ಬಾಲಕ್ಕೆ ಇನ್ನೊಂದನ್ನು ಸಿಕ್ಕಿಸಬಾರದು ಅಂತ ಮಾತ್ರ ಹೇಳಿಕೊಡಿ.

ರೂಮ್‌ಮೇಟ್ ನಂಬರ್ ಸಿಕ್ಕಿದೆ ಅಂತ ಬರೆದಿದ್ದೀರಿ. ನೀವಲ್ಲ, ಮಗಳು ಫೋನ್ ಮಾಡಲಿ. ಕನ್ನಡಿ, ಪೊರಕೆ, ಬಟ್ಟೆ ಒಣಹಾಕುವ ಹಗ್ಗ, ಕಸದ ಡಬ್ಬಿ ಒಂದೊಂದು ಇದ್ದರೆ ಇಬ್ಬರಿಗೂ ಸಾಕು. ಮೊದಲ ಮಾತಿಗೆ ಪೊರಕೆಗಿಂತ ಒಳ್ಳೆ ವಿಷಯ ಸಿಗೋದಿಲ್ಲ.

ಔಷಧಿ ಡಬ್ಬಿ ನಿಮ್ಮ ಪಟ್ಟಿಯಲ್ಲಿ ಚೆನ್ನಾಗಿದೆ. ಒಂದು ಬದಲಾವಣೆ: ಪ್ರತಿ ಮಾತ್ರೆಯ ಮೇಲೆ ಯಾವುದಕ್ಕೆ, ಎಷ್ಟು ಅನ್ನೋದನ್ನು ಅವಳ ಕೈಯಲ್ಲೇ ಬರೆಸಿ. ಪ್ಯಾರಾಸಿಟಮಾಲ್ ಹತ್ತಾರು ಹೆಸರಿನಲ್ಲಿ ಬರುತ್ತದೆ, ಶೀತದ ಮಾತ್ರೆಯೊಳಗೂ ಸೇರಿರುತ್ತದೆ. ಜ್ವರಕ್ಕೊಂದು ಶೀತಕ್ಕೊಂದು ಅಂತ ನುಂಗಿದರೆ ಒಂದೇ ಔಷಧಿ ಎರಡು ಸಲ ಹೋಗುತ್ತದೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು, ಅಂದರೆ 500 ಮಿಲಿಗ್ರಾಮಿನ ಎಂಟು ಮಾತ್ರೆ. ಅವಳಿಗೆ ಆಗಾಗ ಉಬ್ಬಸ ಬರುತ್ತದೆ ಅಂದಿದ್ದೀರಿ. ಇನ್‌ಹೇಲರ್ ಎಲ್ಲಿಟ್ಟಿದ್ದೇನೆ ಅನ್ನೋದು ರೂಮ್‌ಮೇಟ್‌ಗೂ ಗೊತ್ತಿರಲಿ. ಇದರಲ್ಲಿ ಸಂಕೋಚ ಬೇಡ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಅಸಲು ಸರ್ಟಿಫಿಕೇಟ್‌ಗಳನ್ನು ತೋರಿಸಿ, ಅವರು ಇಟ್ಟುಕೊಳ್ಳದಿದ್ದರೆ ಅವತ್ತೇ ವಾಪಸ್ ಮನೆಗೆ ತನ್ನಿ. ಅವಳ ಹತ್ತಿರ ಜೆರಾಕ್ಸ್, ಫೋಟೋ, ಫೋನಿನಲ್ಲಿ ಸ್ಕ್ಯಾನ್ ಇದ್ದರೆ ಸಾಕು. ನಾಲ್ಕು ಫೋನ್ ನಂಬರನ್ನು ಮಾತ್ರ ಕಾಗದದ ಮೇಲೆ ಬರೆದು ಪರ್ಸಿನಲ್ಲಿಡಲಿ. ಫೋನ್ ಸತ್ತಾಗ ಅಮ್ಮನ ನಂಬರ್ ಬಾಯಿಗೆ ಬಾರದ ಮಕ್ಕಳೇ ಈಗ ಜಾಸ್ತಿ.

ಇನ್ನು ಆ ದಿನ. ರೂಮಿಗೆ ಕಾಲಿಟ್ಟ ಕೂಡಲೇ ಬ್ಯಾಗುಗಳನ್ನು ಹಾಸಿಗೆ ಮೇಲೆ ಎಸೆಯಬೇಡಿ. ಬಾಗಿಲ ಹತ್ತಿರ ಬರಿ ನೆಲದ ಮೇಲೆ ಇರಲಿ. ಮೊದಲು ಹಾಸಿಗೆ ಎತ್ತಿ, ಅಂಚಿನ ಹೊಲಿಗೆ ಗುಂಟ ಟಾರ್ಚ್ ಬಿಟ್ಟು ನೋಡಿ. ಪೆನ್ನಿನ ಶಾಯಿ ಚುಕ್ಕೆಯಂಥ ಕಪ್ಪು ಕಲೆ ಕಂಡರೆ ತಿಗಣೆ ಇರಬಹುದು. ಅಲ್ಲೇ ಹಾಸಿಗೆ ಬದಲಿಸಲು ಕೇಳಿ. ಬಟ್ಟೆಗೆ ಹತ್ತಿದ್ದರೆ 60 ಡಿಗ್ರಿ ಬಿಸಿ ನೀರಿನಲ್ಲಿ ಒಗೆಯಬೇಕಾಗುತ್ತದೆ, ಬಿಸಿಲಿಗೆ ಕೊಡವಿದರೆ ಹೋಗೋದಿಲ್ಲ. ಆಮೇಲೆ ಮುರಿದ ಡ್ರಾಯರ್, ಬಿರುಕು ಬಿಟ್ಟ ಗಾಜು, ಗೋಡೆಯ ತೂತು ಎಲ್ಲದರ ಫೋಟೋ ತೆಗೆದಿಡಲಿ. ವರ್ಷದ ಕೊನೆಗೆ ಡಿಪಾಸಿಟ್ ವಾಪಸ್ ಕೇಳುವಾಗ ಉಪಯೋಗಕ್ಕೆ ಬರುತ್ತದೆ. ನನ್ನ ಮಗನಿಗೆ, ಅವನು ಮುರಿಯದ ಕಿಟಕಿ ಚಿಲಕಕ್ಕೆ ದುಡ್ಡು ಹಿಡಿದುಕೊಂಡಿದ್ದರು. ನಮ್ಮ ಹತ್ತಿರ ಫೋಟೋ ಇರಲಿಲ್ಲ.

ಇಷ್ಟಾದ ಮೇಲೆ ಬೆಡ್‌ಶೀಟು ಹಾಸಲು ನೀವು ಒಂದು ಕಡೆ ಹಿಡಿಯಿರಿ. ಅದು ಇಬ್ಬರು ಮಾಡುವ ಕೆಲಸವೇ. ಬೀರುವಿಗೆ ಮಾತ್ರ ಕೈ ಹಾಕಬೇಡಿ. ಅವಳು ಸಾಕ್ಸ್ ಮೇಲಿಟ್ಟು ಪುಸ್ತಕ ಕೆಳಗಿಟ್ಟರೆ ಇಟ್ಟುಕೊಳ್ಳಲಿ. ಎರಡು ವಾರದಲ್ಲಿ ಅವಳೇ ಬದಲಿಸುತ್ತಾಳೆ, ಇಲ್ಲಾ ಅದೇ ಅಭ್ಯಾಸವಾಗುತ್ತದೆ.

ಕೊನೆಯದಾಗಿ ಒಂದು ವಿಷಯ. ನಿಮ್ಮ ಪಟ್ಟಿ ಪೂರ್ತಿ ಒಂದೇ ಅಕ್ಷರದಲ್ಲಿದೆ. 61ನೇ ಸಾಲು ಮಾತ್ರ ಬೇರೆ ಕೈಬರಹ. ಸಂದಿಯಲ್ಲಿ ತುರುಕಿದ ಹಾಗೆ ಸಣ್ಣದಾಗಿ ‘ನನ್ನ ಹಳೇ ದಿಂಬು’ ಅಂತಿದೆ. ಅದರ ಮೇಲೆ ಒಂದು ಗೀಟು, ಪಕ್ಕದಲ್ಲಿ ನಿಮ್ಮ ಅಕ್ಷರದಲ್ಲಿ ‘ಹೊಸದು ತಂದಿದೆ’. ಆ ಗೀಟನ್ನು ಅಳಿಸಿ. ಜಾಗ ಸಾಲದಿದ್ದರೆ 58ರಲ್ಲಿರುವ ಬಟ್ಟೆ ಒಣಹಾಕುವ ಮಡಚು ಸ್ಟ್ಯಾಂಡು ಮನೆಯಲ್ಲೇ ಉಳಿಯಲಿ.

ಇತಿ,
ಸಂಪಾದಕ